ಎರೆ ಮಣ್ಣು, ಉರಿ ಬಿಸಿಲು, ಸವಳು ನೀರು: ಮನೆ ಮುಂದೆ ಕಣಗಿಲೆ ಬೆಳೆಸುವ ಬಗೆ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಓದುಗರು ಮತ್ತೆ ಮತ್ತೆ ಕೇಳುವುದು ಎರಡೇ ಪ್ರಶ್ನೆ. "ಮನೆ ಮುಂದೆ ವರ್ಷವಿಡೀ ಹಸಿರಾಗಿರುವ ಹೂವಿನ ಗಿಡ ಬೇಕು. ನರ್ಸರಿಯಿಂದ ತಂದದ್ದೆಲ್ಲ ಏಪ್ರಿಲ್ ಬರುವಷ್ಟರಲ್ಲಿ ಸುಟ್ಟು ಹೋಗುತ್ತದೆ. ಏನು ನೆಡಲಿ?" ಇದು ಮೊದಲನೆಯದು. ಇದಕ್ಕೆ ನನ್ನ ಉತ್ತರ ಕಣಗಿಲೆ. ಎರಡನೆಯದು ಈಗಾಗಲೇ ಕಣಗಿಲೆ ಇದ್ದವರದು: "ಗಿಡ ಸುಮ್ನೆ ಉದ್ದಕ್ಕೆ ಏರಿದೆ, ತುದಿಯಲ್ಲಿ ನಾಲ್ಕು ಎಲೆ, ಹೂವೇ ಇಲ್ಲ. ಏನು ಮಾಡಬೇಕು?" ಎರಡಕ್ಕೂ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ.

ನಮ್ಮ ಕಡೆ ಬೇರೆ ಗಿಡಗಳು ಸೋಲುವಲ್ಲಿ ಕಣಗಿಲೆ ಯಾಕೆ ನಿಲ್ಲುತ್ತದೆ? ಅದರ ಎಲೆ ಮುಟ್ಟಿ ನೋಡಿ. ದಪ್ಪ, ತೊಗಲಿನಂತಿರುತ್ತದೆ, ಮೇಲೆ ಮೇಣದ ಪದರ. ಎಲೆ ಉಸಿರಾಡುವ ಸಣ್ಣ ರಂಧ್ರಗಳು ಅಡಿಭಾಗದಲ್ಲಿ, ಪುಟ್ಟ ಕುಳಿಗಳ ಒಳಗೆ, ರೋಮಗಳ ಮರೆಯಲ್ಲಿ ಇರುತ್ತವೆ. ಬಿಸಿಗಾಳಿ ನೇರವಾಗಿ ತಾಗುವುದಿಲ್ಲ. ಹಾಗಾಗಿ ನೀರು ಬೇಗ ಆವಿಯಾಗುವುದಿಲ್ಲ. ಇದು ಮೂಲದಲ್ಲಿ ಹಳ್ಳದ ದಂಡೆಯ ಗಿಡ. ಮಳೆ ಬಂದಾಗ ನೀರು ಹರಿದು, ಬೇಸಿಗೆಯಲ್ಲಿ ಒಣಗಿ ಬಿಡುವ ಹಳ್ಳಗಳಲ್ಲಿ ಬೆಳೆದು ಬಂದದ್ದು. ಸ್ವಲ್ಪ ಉಪ್ಪಿನ ನೀರನ್ನೂ ಸುಣ್ಣದ ಮಣ್ಣನ್ನೂ ತಡೆದುಕೊಳ್ಳುತ್ತದೆ. ಕರಾವಳಿಯಲ್ಲಿ ಬೇಲಿಗುಂಟ ಬೆಳೆಯುವ ಕೇಪಳ ಹಾಗಲ್ಲ. ಅದಕ್ಕೆ ಹುಳಿ ಮಣ್ಣು ಬೇಕು. ಅದನ್ನು ತಂದು ಸಿಂಧನೂರಿನ ಎರೆ ಮಣ್ಣಿನಲ್ಲಿ, ಅಂದರೆ ಸುಣ್ಣ ಬೆರೆತ ಕಪ್ಪು ಮಣ್ಣಿನಲ್ಲಿ, ನೆಟ್ಟರೆ ಎಲೆ ಹಳದಿಯಾಗಿ ಕುಗ್ಗುವುದೇ ಜಾಸ್ತಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಗಳಲ್ಲಿ ಕಣಗಿಲೆ ಕೆಡುವುದು ಆರೈಕೆ ಕಡಿಮೆಯಾಗಿ ಅಲ್ಲ. ನೀರು, ಯೂರಿಯಾ ಜಾಸ್ತಿಯಾಗಿ ಕೆಡುತ್ತದೆ, ಕತ್ತರಿ ತಾಗದೆ ಕೆಡುತ್ತದೆ.

1. ತರುವ ಮೊದಲು: ಇದು ವಿಷದ ಗಿಡ

ಇದನ್ನು ಕೊನೆಯಲ್ಲಿ ಬರೆದರೆ ಓದದೆ ಬಿಡುತ್ತೀರಿ, ಅದಕ್ಕೇ ಮೊದಲು. ಕಣಗಿಲೆಯ ಎಲೆ, ಹೂ, ಟೊಂಗೆ, ಬೇರು, ಬೀಜ, ಅಂಟುವ ರಸ ಎಲ್ಲವೂ ವಿಷ. ಅದರಲ್ಲಿರುವ ಓಲಿಯಾಂಡ್ರಿನ್ ಎಂಬ ಅಂಶ ಹೃದಯದ ಬಡಿತವನ್ನೇ ತಪ್ಪಿಸುತ್ತದೆ. ಒಣಗಿದ ಎಲೆಯಲ್ಲೂ ವಿಷ ಹಾಗೇ ಇರುತ್ತದೆ. ಹಸಿ ಎಲೆ ಕಹಿ ಅಂತ ದನ, ಆಡು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಆದರೆ ಒಣಗಿದ ಎಲೆ ಮೇವಿನಲ್ಲಿ ಬೆರೆತರೆ ಅದನ್ನು ಬೇರೆ ಮಾಡಿ ತಿನ್ನಲು ಅವಕ್ಕೆ ಆಗುವುದಿಲ್ಲ. ಹಳ್ಳಿಗಳಲ್ಲಿ ನಿಜವಾದ ಅಪಾಯ ಇರುವುದು ಇಲ್ಲೇ.

ಹಾಗಾಗಿ ಇಷ್ಟನ್ನು ತಪ್ಪದೆ ಪಾಲಿಸಿ. ದನದ ಕೊಟ್ಟಿಗೆ, ಗೋದಲಿ, ಬಣವೆ, ಕುಡಿಯುವ ನೀರಿನ ತೊಟ್ಟಿ ಇವುಗಳ ಹತ್ತಿರ ನೆಡಬೇಡಿ. ಎಲ್ಲವನ್ನೂ ಬಾಯಿಗೆ ಹಾಕುವ ವಯಸ್ಸಿನ ಮಕ್ಕಳು ಮನೆಯಲ್ಲಿದ್ದರೆ ಎರಡು ಮೂರು ವರ್ಷ ಕಾಯಿರಿ. ಗಿಡ ಎಲ್ಲಿಗೂ ಹೋಗುವುದಿಲ್ಲ, ಅಲ್ವಾ? ಕತ್ತರಿಸಿದ ಟೊಂಗೆಗಳನ್ನು ಒಲೆಗೆ ಹಾಕಬೇಡಿ, ಸುಡಬೇಡಿ. ಹೊಗೆಯೂ ವಿಷ. ಟೊಂಗೆಯನ್ನು ಹಲ್ಲುಕಡ್ಡಿ ಮಾಡಿಕೊಳ್ಳುವುದು, ತಿನ್ನುವ ಪದಾರ್ಥ ಚುಚ್ಚಲು ಬಳಸುವುದು ಬೇಡವೇ ಬೇಡ.

ಪೂಜೆಗೆ ಕಣಗಿಲೆ ಹೂ ಏರಿಸುವ ರೂಢಿ ನಮ್ಮಲ್ಲಿ ಹಳೆಯದು. ಅದನ್ನು ಬಿಡಿ ಎನ್ನುತ್ತಿಲ್ಲ. ಆದರೆ ತೀರ್ಥದಲ್ಲಿ, ಎಡೆಯಲ್ಲಿ, ಪ್ರಸಾದದಲ್ಲಿ ಎಸಳು ಬೀಳಬಾರದು. ಕೇರಳದಲ್ಲಿ ಈ ಗಿಡದ ಎಲೆ ತಿಂದು ಯುವತಿಯೊಬ್ಬರು ತೀರಿಕೊಂಡರೆಂಬ ಸುದ್ದಿ ಬಂದ ಮೇಲೆ, 2024ರ ಮೇ ತಿಂಗಳಲ್ಲಿ ಅಲ್ಲಿನ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಬೋರ್ಡುಗಳು ನೈವೇದ್ಯ, ಪ್ರಸಾದಗಳಲ್ಲಿ ಈ ಹೂ ಬಳಸುವುದನ್ನು ನಿಲ್ಲಿಸಿದವು. ನಮ್ಮ ಮನೆಗಳಲ್ಲೂ ಅದೇ ಒಳ್ಳೆಯದು. ಹೂ ಕಿತ್ತ ಮೇಲೆ ಕೈ ತೊಳೆದೇ ಅಡುಗೆಮನೆಗೆ ಹೋಗಿ.

ಯಾರಾದರೂ ತಿಂದದ್ದು ಗೊತ್ತಾದರೆ ಮನೆ ಮದ್ದು ಮಾಡುತ್ತ ಕೂರಬೇಡಿ. ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಲೂ ಬೇಡಿ. 108ಕ್ಕೆ ಕರೆ ಮಾಡಿ, ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಜೊತೆಗೆ ಆ ಗಿಡದ ಒಂದು ಸಣ್ಣ ಟೊಂಗೆ ತೆಗೆದುಕೊಂಡು ಹೋಗಿ. ವೈದ್ಯರಿಗೆ ಅದು ತುಂಬ ನೆರವಾಗುತ್ತದೆ. ದನ ತಿಂದಿದ್ದರೆ ಪಶುವೈದ್ಯರಿಗೆ ತಕ್ಷಣ ತಿಳಿಸಿ.

ಇಷ್ಟು ಓದಿ ನಿಮ್ಮ ಮನೆಗೆ ಇದು ಸರಿಹೋಗದು ಅನ್ನಿಸಿದರೆ, ನೆಡದೇ ಇರುವುದೇ ಸರಿ.

2. ಯಾವ ಗಿಡ ಆರಿಸಬೇಕು

ಮೊದಲು ಗುರುತು ಹಿಡಿಯಿರಿ. ಕಣಗಿಲೆಯಲ್ಲಿ ಒಂದೊಂದು ಗೆಣ್ಣಿಗೆ ಸಾಮಾನ್ಯವಾಗಿ ಮೂರು ಎಲೆ ಸುತ್ತಲೂ ಬರುತ್ತವೆ. ಗೆಣ್ಣು ಅಂದರೆ ಟೊಂಗೆಗೆ ಎಲೆ ಅಂಟಿಕೊಂಡ ಜಾಗ. ಗಂಟೆಯಾಕಾರದ ಹಳದಿ ಹೂ ಬಿಡುವ, ಒಂದೊಂದೇ ಎಲೆ ಬರುವ ಹಳದಿ ಕಣಗಿಲೆ ಬೇರೆಯೇ ಗಿಡ. ಅದೂ ವಿಷದ್ದೇ, ಅದರ ಬೀಜವಂತೂ ಬಲು ಅಪಾಯ. ಈ ಲೇಖನ ಅದರ ಬಗ್ಗೆ ಅಲ್ಲ.

ನರ್ಸರಿಯಲ್ಲಿ ಬಿಳಿ, ಗುಲಾಬಿ, ಕೆಂಪು ಬಣ್ಣದ ಐದೆಸಳಿನ ಹೂವಿನವು ಸಿಗುತ್ತವೆ. ಎಸಳು ಕಿಕ್ಕಿರಿದ ಗುಲಾಬಿ ಬಣ್ಣದ ಡಬಲ್ ಹೂವಿನದೂ ಸಿಗುತ್ತದೆ. ನನ್ನ ಸಲಹೆ ಕೇಳುವುದಾದರೆ ಐದೆಸಳಿನದನ್ನೇ ತನ್ನಿ. ಅದು ಬಾಡಿದ ಮೇಲೆ ತಾನಾಗಿ ಉದುರುತ್ತದೆ. ಡಬಲ್ ಹೂ ಒಣಗಿ ಕಂದಾಗಿ ಟೊಂಗೆಯಲ್ಲೇ ಅಂಟಿಕೊಂಡು ನಿಲ್ಲುತ್ತದೆ, ಕೈಯಿಂದ ಬಿಡಿಸಬೇಕು. ಸಾಮಾನ್ಯ ಗಿಡ ಬಿಟ್ಟರೆ 8ರಿಂದ 12 ಅಡಿ ಏರುತ್ತದೆ. ಜಾಗ ಕಡಿಮೆ ಇದ್ದವರು, ಕುಂಡದಲ್ಲಿ ಇಡುವವರು 3–4 ಅಡಿಯಲ್ಲೇ ನಿಲ್ಲುವ ಗಿಡ್ಡ ತಳಿ ಕೇಳಿ ತನ್ನಿ.

ಆರಿಸುವಾಗ ಎತ್ತರ ನೋಡಿ ಮರುಳಾಗಬೇಡಿ. ಬುಡದಿಂದಲೇ ಮೂರ್ನಾಲ್ಕು ಕವಲು ಒಡೆದ ಮೋಟು ಗಿಡವೇ ಒಳ್ಳೆಯದು. ಎಲೆ ಮಗುಚಿ ನೋಡಿ. ಬಿಳಿ ಹಿಟ್ಟು, ಕಂದು ಚುಕ್ಕೆಯಂಥ ಹೊಪ್ಪಳೆ ಇದ್ದರೆ ಅಲ್ಲೇ ಬಿಡಿ.

3. ಜಾಗ

ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೀಳಬೇಕು. ಹೂ ಬಿಡದ ಕಣಗಿಲೆಗಳಲ್ಲಿ ಮುಕ್ಕಾಲು ಪಾಲು ನೆರಳಲ್ಲಿರುವವೇ. ಬೇವಿನ ಮರದ ಕೆಳಗೆ, ಎರಡು ಮನೆಗಳ ಸಂದಿಯಲ್ಲಿ ನೆಟ್ಟರೆ ಬಿಸಿಲು ಹುಡುಕಿಕೊಂಡು ಉದ್ದಕ್ಕೆ ಏರುತ್ತದೆ, ಅಷ್ಟೇ. ಪಡುವಣ ಬಿಸಿಲಿನ ಗೋಡೆ ಪಕ್ಕ ಬೇರೆ ಗಿಡ ಬದುಕುವುದಿಲ್ಲ ಅಂತ ಖಾಲಿ ಬಿಟ್ಟಿರುತ್ತೀರಲ್ಲ, ಆ ಜಾಗ ಇದಕ್ಕೆ ಸರಿ.

ಗೋಡೆಯಿಂದ ಮೂರು ಅಡಿ ದೂರ ಇರಲಿ. ಸಂಪು, ಶೌಚದ ಗುಂಡಿ, ನೀರಿನ ಪೈಪು ಇವುಗಳಿಂದ ಇನ್ನೂ ದೂರ ಇರಲಿ. ಬೇರು ನೀರು ಹುಡುಕಿಕೊಂಡು ಹೋಗುತ್ತದೆ. ಬೇಲಿಯಾಗಿ ಸಾಲು ಹಾಕುವುದಾದರೆ ಗಿಡದಿಂದ ಗಿಡಕ್ಕೆ 3ರಿಂದ 4 ಅಡಿ, ಗಿಡ್ಡ ತಳಿಗೆ 2 ಅಡಿ. ಬೀದಿಯ ಅಂಚಿನಲ್ಲಿ, ಆಡು ಕುರಿ ಓಡಾಡುವ ಕಡೆ ಸಾಲು ಬೇಡ.

4. ಗುಂಡಿ ಮತ್ತು ಮಣ್ಣು

ಈ ಹಂತದಲ್ಲಿ ನಿಮ್ಮ ನೆಲ ಯಾವುದು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮಸಾರಿ ನೆಲ, ಅಂದರೆ ಕೆಂಪು ಮಣ್ಣು ಇದ್ದರೆ ಕೆಲಸ ಸುಲಭ. ಕೊಪ್ಪಳದ ಸುತ್ತ, ಕುಷ್ಟಗಿ, ಸಂಡೂರು ಕಡೆ ಹೀಗಿರುತ್ತದೆ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ಸಾಕು. ತೆಗೆದ ಮಣ್ಣಿಗೆ ಮೂರರಲ್ಲಿ ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸೇರಿಸಿ ತುಂಬಿ.

ಎರೆ ಮಣ್ಣಿನಲ್ಲಿ ಎಚ್ಚರ ಬೇಕು. ಎರೆ ನೆಲದಲ್ಲಿ ಗುಂಡಿ ತೋಡಿ ಹಗುರ ಮಣ್ಣು ತುಂಬಿದರೆ ಆ ಗುಂಡಿ ಬೋಗುಣಿಯಂತೆ ಆಗಿಬಿಡುತ್ತದೆ. ಸುತ್ತಲಿನ ನೀರೆಲ್ಲ ಅದರೊಳಗೆ ಇಳಿದು ನಿಲ್ಲುತ್ತದೆ. ಸೆಪ್ಟೆಂಬರಿನ ಜೋರು ಮಳೆಯಲ್ಲಿ ಬೇರು ಕೊಳೆಯುವುದು ಹೀಗೇ. ಅದಕ್ಕೆ ಆಳಕ್ಕಿಂತ ಎತ್ತರಕ್ಕೆ ಗಮನ ಕೊಡಿ. ಒಂದು ಅಡಿ ಆಳ, ಎರಡು ಅಡಿ ಅಗಲ ತೋಡಿ. ತೆಗೆದ ಎರೆ ಮಣ್ಣು ಒಂದು ಪಾಲು, ಮಸಾರಿ ಮಣ್ಣು ಅಥವಾ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ಒಂದು ಪಾಲು, ತಿಪ್ಪೆಗೊಬ್ಬರ ಒಂದು ಪಾಲು ಬೆರೆಸಿ. ನೆಲದಿಂದ ಮುಕ್ಕಾಲು ಅಡಿ, ಒಂದು ಅಡಿ ಮೇಲಕ್ಕೆ ದಿಬ್ಬ ಏರಿಸಿ ಅದರ ಮೇಲೆ ನೆಡಿ. ಎರಡು ಹಿಡಿ ಬೇವಿನ ಹಿಂಡಿ ಹಾಕಿದರೆ ಗೆದ್ದಲಿನ ಕಾಟವೂ ಕಡಿಮೆ.

ತುಂಗಭದ್ರಾ ಕಾಲುವೆಯ ಭತ್ತದ ಸೀಮೆಯಲ್ಲಿ, ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಕಡೆ, ಸವಳು-ಜವಳು ಇನ್ನೊಂದು ತೊಡಕು. ನೆಲದ ಮೇಲೆ ಬಿಳಿ ಉಪ್ಪು ಹರಡಿದ್ದರೆ ಅದು ಸವಳು. ಅಗೆದರೆ ಒಂದೆರಡು ಅಡಿಯಲ್ಲೇ ನೀರು ಜಿನುಗಿದರೆ ಅದು ಜವಳು. ಕಣಗಿಲೆ ಸವಳನ್ನು ಒಂದು ಮಟ್ಟಿಗೆ ತಡೆಯುತ್ತದೆ, ಜವಳನ್ನು ತಡೆಯುವುದಿಲ್ಲ. ಅಲ್ಲಿ ದಿಬ್ಬ ಎರಡು ಅಡಿ ಏರಿಸಿ, ಇಲ್ಲವೇ ಕುಂಡದಲ್ಲಿ ಬೆಳೆಸಿ. ದೊಡ್ಡ ಸಾಲು ಹಾಕುವವರು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು, ಬೋರಿನ ನೀರು ಎರಡನ್ನೂ ಪರೀಕ್ಷೆ ಮಾಡಿಸಿ. ರಾಯಚೂರು, ಗಂಗಾವತಿ, ಬಳ್ಳಾರಿ ಹತ್ತಿರದ ಹಗರಿ, ಮೂರೂ ಕಡೆ ಕೇಂದ್ರಗಳಿವೆ.

5. ನೆಡುವುದು

ಜೂನಿನಲ್ಲಿ ಎರಡು ಹದ ಮಳೆ ಬಿದ್ದ ಮೇಲಿಂದ ಆಗಸ್ಟ್ ಮುಗಿಯುವವರೆಗೆ ಒಳ್ಳೆಯ ಕಾಲ. ಮಾರ್ಚ್ ನಂತರ ನೆಡಬೇಡಿ. ಬೇರೂರುವ ಮೊದಲೇ 42–43 ಡಿಗ್ರಿ ಬಿಸಿಲು ಬಡಿದರೆ ಕಣಗಿಲೆಯೂ ತಾಳದು.

ಸಂಜೆ ನೆಡಿ. ಕಪ್ಪು ಪ್ಲಾಸ್ಟಿಕ್ ಚೀಲವನ್ನು ಪೂರ್ತಿ ಹರಿದು ತೆಗೆಯಿರಿ. "ತಳ ಮಾತ್ರ ಕತ್ತರಿಸಿದರೆ ಸಾಕು" ಎಂದು ಹೇಳುವವರ ಮಾತು ಕೇಳಬೇಡಿ. ಬೇರು ಒಳಗೇ ಸುತ್ತಿಕೊಂಡು ವರ್ಷವಾದರೂ ಗಿಡ ನಿಂತಲ್ಲೇ ನಿಲ್ಲುತ್ತದೆ. ಸುತ್ತಿದ ಬೇರುಗಳನ್ನು ಬೆರಳಿಂದ ಮೆಲ್ಲಗೆ ಬಿಡಿಸಿ. ಚೀಲದಲ್ಲಿ ಎಷ್ಟು ಮಟ್ಟಕ್ಕೆ ಮಣ್ಣಿತ್ತೋ ಅಷ್ಟೇ ಮಟ್ಟಕ್ಕೆ ನೆಡಿ. ಸುತ್ತ ಮಣ್ಣು ಕಾಲಿಂದ ಒತ್ತಿ, ಒಂದು ಕೊಡ ನೀರು ಹಾಕಿ.

6. ನೀರು

ಮೊದಲ ಮೂರು ತಿಂಗಳು ಮಳೆ ಇಲ್ಲದಾಗ ಎರಡು ದಿನಕ್ಕೊಮ್ಮೆ. ಮೊದಲ ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ. ಎರಡನೇ ವರ್ಷದಿಂದ ಬೇಸಿಗೆಯಲ್ಲಿ ವಾರ, ಹತ್ತು ದಿನಕ್ಕೊಮ್ಮೆ ಎರಡು ಮೂರು ಕೊಡ ನೀರು ನಿಧಾನವಾಗಿ ಇಳಿಯುವಂತೆ ಕೊಟ್ಟರೆ ಸಾಕು. ಮಳೆಗಾಲದಲ್ಲಿ, ಚಳಿಗಾಲದಲ್ಲಿ ಬೇಕಾಗುವುದೇ ಇಲ್ಲ ಅನ್ನಬಹುದು. ದಿನಾ ಬೆಳಗ್ಗೆ ಅಂಗಳ ತೊಳೆದ ನೀರನ್ನು ಬುಡಕ್ಕೆ ಹರಿಸುವ ರೂಢಿ ಬಿಡಿ. ದಿನಾ ಚೂರು ಚೂರು ನೀರು ಕುಡಿದ ಗಿಡದ ಬೇರು ಮೇಲೆಯೇ ಉಳಿಯುತ್ತದೆ. ನೀವು ನಾಲ್ಕು ದಿನ ಊರಿಗೆ ಹೋದರೆ ಗಿಡ ಬಾಡುತ್ತದೆ.

ಕೊಡಬೇಕೋ ಬೇಡವೋ ಅನುಮಾನ ಬಂದರೆ ಬುಡದಿಂದ ಒಂದು ಅಡಿ ದೂರದಲ್ಲಿ ನಾಲ್ಕು ಬೆರಳು ಆಳ ಕೆದರಿ. ತಂಪು ತಾಗಿದರೆ ಬೇಡ.

ಬೋರಿನ ನೀರು ಸವಳಾಗಿದ್ದರೆ ಎಲೆಯಂಚು ಕಂದಾಗಿ ಸುಡುತ್ತದೆ. ಆಗ ನೀರನ್ನು ಎಲೆಯ ಮೇಲೆ ಹೊಡೆಯದೆ ಬುಡಕ್ಕೆ ಮಾತ್ರ ಕೊಡಿ. ತಿಂಗಳಿಗೊಮ್ಮೆ ಜಾಸ್ತಿ ನೀರು ಕೊಟ್ಟು ಉಪ್ಪು ಕೆಳಗೆ ತೊಳೆದು ಹೋಗಲು ಬಿಡಿ. ಕುಡಿಯುವ ನೀರಿನ ಆರ್‌ಒ ಫಿಲ್ಟರ್ ಬೇಡವೆಂದು ಹೊರಹಾಕುವ ನೀರಿನಲ್ಲಿ ಉಪ್ಪು ಇನ್ನೂ ಜಾಸ್ತಿ, ಅದನ್ನು ಗಿಡಕ್ಕೆ ಹಾಕಬೇಡಿ.

ಬೇಸಿಗೆಯಲ್ಲಿ ಎರೆ ಮಣ್ಣು ಬಿರಿಯುತ್ತದೆ. ಬಿರುಕಿನಲ್ಲಿ ಸಣ್ಣ ಬೇರು ಹರಿಯುತ್ತವೆ, ಕೆಳಗಿನ ತೇವವೂ ಆರುತ್ತದೆ. ಫೆಬ್ರುವರಿಯಲ್ಲೇ ಬುಡದ ಸುತ್ತ ಮೂರು ನಾಲ್ಕು ಬೆರಳು ದಪ್ಪ ಭತ್ತದ ಹುಲ್ಲು, ತೊಗರಿ ಹೊಟ್ಟು ಅಥವಾ ಶೇಂಗಾ ಸಿಪ್ಪೆ ಹರಡಿ. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು ಹಾಕಿ, ಇಲ್ಲದಿದ್ದರೆ ಗೆದ್ದಲು ಹತ್ತುತ್ತದೆ. ಹೀಗೆ ಹೊದಿಸಿದ ಹುಲ್ಲಿನಲ್ಲಿ ಕಣಗಿಲೆ ಎಲೆ ಬೆರೆತಿರುತ್ತದೆ, ಅದನ್ನು ಮತ್ತೆ ದನಕ್ಕೆ ಹಾಕಬೇಡಿ.

7. ಗೊಬ್ಬರ

ವರ್ಷಕ್ಕೊಮ್ಮೆ ಜೂನಿನಲ್ಲಿ ಎರಡು ಬುಟ್ಟಿ ತಿಪ್ಪೆಗೊಬ್ಬರ. ಇಷ್ಟೇ. ಹೊಲಕ್ಕೆ ತಂದ ಯೂರಿಯಾ ಮಿಕ್ಕಿದೆ ಅಂತ ಒಂದು ಹಿಡಿ ಹಾಕಿದರೆ ಎಲೆ ಸೊಂಪಾಗಿ ಬರುತ್ತದೆ, ಹೂ ಬರುವುದಿಲ್ಲ. ಆ ಎಳೆ ಚಿಗುರಿಗೆ ಹೇನು ಮುತ್ತುವುದೊಂದೇ ಲಾಭ.

8. ಕತ್ತರಿಸುವುದು: ಹೂವಿನ ಗುಟ್ಟು ಇಲ್ಲಿದೆ

ಕಣಗಿಲೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಾಗಾದರೆ ತುದಿ ಎಷ್ಟು ಜಾಸ್ತಿ ಇದ್ದರೆ ಹೂ ಅಷ್ಟು ಜಾಸ್ತಿ. ಒಂದು ಗೆಣ್ಣಿನಲ್ಲಿ ಮೂರು ಎಲೆ ಇರುತ್ತವೆ ಎಂದೆನಲ್ಲ, ಪ್ರತಿ ಎಲೆಯ ಕಂಕುಳಲ್ಲೂ ಒಂದು ಮಲಗಿದ ಮೊಗ್ಗು ಇರುತ್ತದೆ. ಗೆಣ್ಣಿನ ಸ್ವಲ್ಪ ಮೇಲೆ ಕತ್ತರಿಸಿದರೆ ಆ ಮೊಗ್ಗುಗಳು ಎದ್ದು ಒಂದು ಟೊಂಗೆ ಎರಡು ಮೂರಾಗುತ್ತದೆ. ಕತ್ತರಿಸದೆ ಬಿಟ್ಟರೆ ತುದಿಯೊಂದೇ ಮೇಲೆ ಏರುತ್ತ ಬುಡ ಬೋಳಾಗುತ್ತದೆ. ಓದುಗರು ಹೇಳುವ "ಉದ್ದಕ್ಕೆ ಏರಿದ ಗಿಡ" ಆಗುವುದು ಹೀಗೆ.

ಎಳೆ ಗಿಡ ಒಂದೂವರೆ ಅಡಿ ಆದಾಗ ತುದಿ ಚಿವುಟಿ. ಹೊಸ ಕವಲು ಒಂದು ಅಡಿ ಬೆಳೆದ ಮೇಲೆ ಅವುಗಳ ತುದಿಯನ್ನೂ ಚಿವುಟಿ. ಮೊದಲ ವರ್ಷ ಹೂವಿಗೆ ಆಸೆ ಪಡದೆ ಇದನ್ನು ಮಾಡಿದರೆ ಮುಂದೆ ಹತ್ತಾರು ವರ್ಷ ಗಿಡದ ಆಕಾರ ಚೆಂದ ಇರುತ್ತದೆ.

ದೊಡ್ಡ ಗಿಡಕ್ಕೆ ವರ್ಷದ ದೊಡ್ಡ ಕತ್ತರಿ ಜೂನಿನಲ್ಲಿ. ಬೇಸಿಗೆಯ ಹೂ ಮುಗಿದಿರುತ್ತದೆ, ಮಳೆ ಶುರುವಾಗಿರುತ್ತದೆ, ಚಿಗುರು ಬೇಗ ಬರುತ್ತದೆ. ಎತ್ತರದಲ್ಲಿ ಮೂರರಲ್ಲಿ ಒಂದು ಪಾಲು ತೆಗೆಯಿರಿ. ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ಒಳಮುಖವಾಗಿ ಬೆಳೆದದ್ದು ಮೊದಲು ಹೋಗಲಿ. ಉಳಿದ ತಿಂಗಳುಗಳಲ್ಲಿ ಹೂಗೊಂಚಲು ಮುಗಿದಂತೆ ಅದರ ಕೆಳಗಿನ ಎರಡು ಗೆಣ್ಣು ಸೇರಿಸಿ ತೆಗೆಯಿರಿ. ಉದ್ದನೆಯ ಕೋಡಿನಂಥ ಕಾಯಿ ಕಂಡರೆ ಕಿತ್ತುಹಾಕಿ. ಕಾಯಿ ಕಟ್ಟುವುದಕ್ಕೆ ಗಿಡ ಶಕ್ತಿ ಹಾಕಿದರೆ ಹೂ ಕಡಿಮೆಯಾಗುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ದೊಡ್ಡ ಕತ್ತರಿ ಬೇಡ. ಎಲೆಯ ಮರೆ ಹೋದ ಟೊಂಗೆಯ ತೊಗಟೆ ಬಿಸಿಲಿಗೆ ಸುಟ್ಟು ಬಿರಿಯುತ್ತದೆ.

ವರ್ಷಗಟ್ಟಲೆ ಕತ್ತರಿ ಕಾಣದ, ಬುಡ ಬೋಳಾದ ಗಿಡವನ್ನು ಕಿತ್ತು ಹಾಕಬೇಡಿ. ಮೂರು ವರ್ಷದಲ್ಲಿ ಹೊಸದು ಮಾಡಬಹುದು. ಈ ಜೂನಿನಲ್ಲಿ ಹಳೆಯ ಕಾಂಡಗಳಲ್ಲಿ ಮೂರರಲ್ಲಿ ಒಂದು ಪಾಲನ್ನು ನೆಲದಿಂದ ಒಂದು ಅಡಿಗೆ ಕಡಿಯಿರಿ. ಬುಡದಿಂದ ಚಿಗುರು ಬರುತ್ತದೆ. ಮುಂದಿನ ಜೂನಿನಲ್ಲಿ ಇನ್ನೊಂದು ಪಾಲು, ಅದರ ಮುಂದಿನ ವರ್ಷ ಉಳಿದದ್ದು. ಒಂದೇ ಸಲ ಎಲ್ಲವನ್ನೂ ಕಡಿದರೂ ಗಿಡ ಸಾಮಾನ್ಯವಾಗಿ ಬದುಕುತ್ತದೆ, ಆದರೆ ಹೂವಿಗೆ ಬಹಳ ಕಾಯಬೇಕು, ಅಂಗಳವೂ ಬಿಕೋ ಎನ್ನುತ್ತದೆ.

ಕತ್ತರಿಸುವಾಗ ಕೈಗವಸು, ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ. ರಸ ಕಣ್ಣಿಗೆ, ಗಾಯಕ್ಕೆ ತಾಗಬಾರದು. ಮುಗಿದ ಮೇಲೆ ಕತ್ತರಿಯನ್ನು ಸೋಪು ನೀರಿನಲ್ಲಿ ತೊಳೆಯಿರಿ, ಆ ಕತ್ತರಿ ಅಡುಗೆಮನೆಗೆ ಹೋಗಬಾರದು. ಕಡಿದ ಟೊಂಗೆಗಳನ್ನು ದನ ಬಾಯಿ ಹಾಕದ ಕಡೆ ಗುಂಡಿ ತೋಡಿ ಹೂಳಿ.

9. ಹುಳು, ಹೇನು, ಹಳದಿ ಎಲೆ

ಎಳೆ ತುದಿಯಲ್ಲಿ ಹಳದಿ ಬಣ್ಣದ ಹೇನು ಗುಂಪಾಗಿ ಕೂತಿದ್ದರೆ ಮೊದಲು ಪೈಪಿನ ನೀರು ಜೋರಾಗಿ ಹೊಡೆಯಿರಿ. ಅರ್ಧಕ್ಕರ್ಧ ಅದರಿಂದಲೇ ಹೋಗುತ್ತವೆ. ಹೋಗದಿದ್ದರೆ, ಬಿಳಿ ಹಿಟ್ಟು ತಿಗಣೆ ಇದ್ದರೆ ಕೂಡ, ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಚೂರು ಸೋಪಿನ ದ್ರಾವಣ ಕಲಸಿ ಸಂಜೆ ಸಿಂಪಡಿಸಿ. ವಾರ ಬಿಟ್ಟು ಮತ್ತೊಮ್ಮೆ. ಮಧ್ಯಾಹ್ನದ ಬಿಸಿಲಲ್ಲಿ ಎಣ್ಣೆ ಹೊಡೆದರೆ ಎಲೆ ಬೇಯುತ್ತದೆ.

ರಾತ್ರೋರಾತ್ರಿ ಎಲೆ ಮಾಯವಾಗಿದ್ದರೆ ಹಸಿರು ಬಣ್ಣದ, ಬೆರಳು ಗಾತ್ರದ ಹುಳು ಹುಡುಕಿ. ತಲೆಯ ಹತ್ತಿರ ಕಣ್ಣಿನಂಥ ಎರಡು ನೀಲಿ ಮಚ್ಚೆ, ಹಿಂದೆ ಸಣ್ಣ ಕೊಂಬು ಇರುತ್ತದೆ. ಕಣಗಿಲೆಯ ವಿಷ ಅದಕ್ಕೆ ತಟ್ಟುವುದಿಲ್ಲ. ಒಂದು ಗಿಡದಲ್ಲಿ ನಾಲ್ಕಾರು ಮಾತ್ರ ಇರುತ್ತವೆ, ಕೈಯಿಂದ ತೆಗೆದರೆ ಸಾಕು. ಔಷಧಿ ಬೇಡ.

ಎಲೆ ಹಳದಿಯಾದರೆ ಯಾವ ಎಲೆ ಎಂದು ನೋಡಿ. ಬೇಸಿಗೆಯಲ್ಲಿ ಕೆಳಗಿನ ಹಳೆಯ ಎಲೆ ಹಣ್ಣಾಗಿ ಉದುರುವುದು ಸಹಜ. ಮಳೆಗಾಲದಲ್ಲಿ ಇಡೀ ಗಿಡ ಹಳದಿಯಾದರೆ ಬುಡದಲ್ಲಿ ನೀರು ನಿಂತಿದೆ, ಕಾಲುವೆ ತೋಡಿ ಹೊರಗೆ ಬಿಡಿ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಇದ್ದರೆ ಕಬ್ಬಿಣದ ಕೊರತೆ. ಎರೆ ಮಣ್ಣಿನ ಸುಣ್ಣ ಕಬ್ಬಿಣವನ್ನು ಬೇರಿಗೆ ಸಿಗದಂತೆ ಹಿಡಿದಿಡುತ್ತದೆ. ಗೊಬ್ಬರದ ಅಂಗಡಿಯಲ್ಲಿ ಸಿಗುವ ಅನ್ನಭೇದಿ (ಫೆರಸ್ ಸಲ್ಫೇಟ್) 5 ಗ್ರಾಂ, ಒಂದು ಲೀಟರ್ ನೀರು, ಕೆಲವು ಹನಿ ನಿಂಬೆರಸ ಕಲಸಿ ಎಲೆಗೆ ಸಿಂಪಡಿಸಿ, ಹದಿನೈದು ದಿನದ ಮೇಲೆ ಮತ್ತೊಮ್ಮೆ. ಗೋಡೆಗೆ, ಟೈಲ್ಸ್‌ಗೆ ಬಿದ್ದರೆ ಕಲೆ ಹೋಗುವುದಿಲ್ಲ, ಜೋಪಾನ.

ಬಳ್ಳಾರಿ, ಸಂಡೂರು ಕಡೆ ಅದಿರಿನ ಕೆಂಧೂಳು ಎಲೆ ಮುಚ್ಚಿದರೆ ಹದಿನೈದು ದಿನಕ್ಕೊಮ್ಮೆ ಬೆಳಗ್ಗೆ ಸಿಹಿನೀರಿನಿಂದ ತೊಳೆಯಿರಿ.

10. ಕುಂಡದಲ್ಲಿ

14ರಿಂದ 16 ಇಂಚಿನ ಮಣ್ಣಿನ ಕುಂಡ, ತಳದಲ್ಲಿ ತೂತು, ಗಿಡ್ಡ ತಳಿ. ಮಾಳಿಗೆಯ ಬಿಸಿಲಲ್ಲಿ ಕುಂಡ ಬೇಗ ಕಾಯುವುದರಿಂದ ಬೇಸಿಗೆಯಲ್ಲಿ ದಿನಾ ನೀರು ಬೇಕು. ಎರಡು ಮೂರು ವರ್ಷಕ್ಕೊಮ್ಮೆ ಹೊರತೆಗೆದು ಬೇರಿನ ಅಂಚು ಸವರಿ ಹೊಸ ಮಣ್ಣು ತುಂಬಿ.

11. ಒಂದು ಗಿಡದಿಂದ ಹತ್ತು

ಜೂನಿನಲ್ಲಿ ಕತ್ತರಿಸಿದ ಟೊಂಗೆಗಳಲ್ಲೇ ಹೊಸ ಗಿಡ ಮಾಡಿಕೊಳ್ಳಿ. ಪೆನ್ಸಿಲ್ ದಪ್ಪದ, ಹೂ ಬಿಡದ, ಅರ್ಧ ಬಲಿತ ಟೊಂಗೆ ಆರಿಸಿ. ಒಂದು ಗೇಣು ಉದ್ದ, ಗೆಣ್ಣಿನ ಸರಿ ಕೆಳಗೆ ಕತ್ತರಿಸಿ. ತುದಿಯಲ್ಲಿ ಮೂರು ನಾಲ್ಕು ಎಲೆ ಬಿಟ್ಟು ಉಳಿದವನ್ನು ತೆಗೆಯಿರಿ. ಅರ್ಧ ಮರಳು, ಅರ್ಧ ಮಸಾರಿ ಮಣ್ಣು ತುಂಬಿದ ಚೀಲದಲ್ಲಿ ಎರಡು ಗೆಣ್ಣು ಒಳಗೆ ಹೋಗುವಂತೆ ಊರಿ. ನೆರಳಿನಲ್ಲಿ, ಹಸಿ ಆರದಂತೆ ಇಡಿ. ತಿಂಗಳು, ಒಂದೂವರೆ ತಿಂಗಳಲ್ಲಿ ಬೇರು ಬರುತ್ತದೆ. ಬಾಟಲಿ ನೀರಿನಲ್ಲಿಟ್ಟರೂ ಬೇರು ಒಡೆಯುತ್ತದೆ. ಆದರೆ ಆ ನೀರೂ ವಿಷವಾಗುತ್ತದೆ. ಕುಡಿಯುವ ನೀರಿನ ಬಾಟಲಿ ಬಳಸಬೇಡಿ, ಮಕ್ಕಳ ಕೈಗೆ ಸಿಗುವಲ್ಲಿ ಇಡಬೇಡಿ.

ಬೇರು ಬಂತೇ ಎಂದು ಎಳೆದು ಎಳೆದು ನೋಡುವುದು ಬೇಡ. ಹೊಸ ಎಲೆ ಬಿಚ್ಚಿದರೆ ಬಂದಿದೆ ಅಂತಲೇ ಅರ್ಥ. ಆಮೇಲೆ ಚೀಲವನ್ನು ಬೆಳಗಿನ ಬಿಸಿಲಿಗೆ ಸರಿಸಿ, ಚಳಿಗಾಲ, ಬೇಸಿಗೆ ಚೀಲದಲ್ಲೇ ದಾಟಿಸಿ. ಮುಂದಿನ ಜೂನಿನ ಮಳೆಗೆ ನೆಲಕ್ಕಿಳಿಸಿ. ಯಾರಿಗಾದರೂ ಗಿಡ ಕೊಡುವಾಗ ಅದು ವಿಷದ್ದೆಂದು ಬಾಯಿಬಿಟ್ಟು ಹೇಳಿ ಕೊಡಿ.